ಟೈ ಆದರೆ ಆಗಲಿ ಬಿಡಿ

ಈಡನ್ ಗಾರ್ಡನ್ಸ್ ಸಿದ್ಧವಾಗಿಲ್ಲವೆಂದು ಕೋಲ್ಕತ್ತದಿಂದ ಬೆಂಗಳೂರಿಗೆ ಬಂದ ವಿಶ್ವಕಪ್ ಪಂದ್ಯವದು. 2011ರ ಫೆಬ್ರುವರಿ 27, ಚಿನ್ನಸ್ವಾಮಿ ಕ್ರೀಡಾಂಗಣ. ಸಚಿನ್ ತೆಂಡೂಲ್ಕರ್ 120 ಹೊಡೆದು ಭಾರತ 338 ಮುಟ್ಟಿತು. ಇಂಗ್ಲೆಂಡ್ ನಾಯಕ ಸ್ಟ್ರಾಸ್ 158 ಹೊಡೆದು ಪಂದ್ಯವನ್ನು ಕಿಸೆಗೆ ಹಾಕಿಕೊಂಡೇಬಿಟ್ಟರು ಅನ್ನುವಾಗ ಜಹೀರ್ ಖಾನ್ ಸತತ ಎರಡು ಎಸೆತಗಳಲ್ಲಿ ಬೆಲ್ ಮತ್ತು ಸ್ಟ್ರಾಸ್ ಇಬ್ಬರನ್ನೂ ಕಿತ್ತರು. ಮುನಾಫ್ ಪಟೇಲ್ ಎಸೆದ ಕೊನೆಯ ಓವರಿನಲ್ಲಿ ಬೇಕಿದ್ದದ್ದು 14, ಬಂದದ್ದು 13. ಇಂಗ್ಲೆಂಡ್ 8 ವಿಕೆಟಿಗೆ 338. ತಲಾ ಒಂದು ಅಂಕ ಹಂಚಿದರು, ಜನ ಮನೆಗೆ ಹೋದರು. ಫಲಿತಾಂಶ ಸಿಗಲಿಲ್ಲವೆಂದು ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಿದ್ದು ಗೊತ್ತಿಲ್ಲ.

ಅದೇ ಮೈದಾನ, 2024ರ ಜನವರಿ 17. ಅಫ್ಗಾನಿಸ್ತಾನದ ವಿರುದ್ಧ ಮೂರನೇ ಟಿ20. ಸರಣಿ ಆಗಲೇ 2–0ಯಿಂದ ಭಾರತದ ಕೈಸೇರಿತ್ತು. ಈ ಪಂದ್ಯ ಯಾರು ಗೆದ್ದರೂ ಯಾವ ಕಪ್ಪೂ ಕೈ ಬದಲಾಯಿಸುತ್ತಿರಲಿಲ್ಲ. 22ಕ್ಕೆ 4 ವಿಕೆಟ್ ಕಳೆದುಕೊಂಡ ಭಾರತವನ್ನು ರೋಹಿತ್ ಶರ್ಮಾ ಮತ್ತು ರಿಂಕು ಸಿಂಗ್ 212ಕ್ಕೆ ಒಯ್ದರು. ಅಫ್ಗಾನಿಸ್ತಾನವೂ 212 ಹೊಡೆಯಿತು. ಅಲ್ಲಿಗೆ ಮುಗಿಯಬೇಕಿತ್ತು. ಸೂಪರ್ ಓವರ್ ಆಡಿಸಿದರು: 16–16. ಇನ್ನೊಂದು ಆಡಿಸಿದರು: ಭಾರತ 11, ಅಫ್ಗಾನಿಸ್ತಾನ 1. ಮೊದಲ ಸೂಪರ್ ಓವರಿನ ಕೊನೆಯಲ್ಲಿ ತಾನಾಗಿ ಹೊರನಡೆದ ರೋಹಿತ್ ಎರಡನೆಯದರಲ್ಲಿ ಮತ್ತೆ ಬ್ಯಾಟ್ ಹಿಡಿಯಬಹುದಿತ್ತೇ ಎಂಬ ಜಗಳ ಬೇರೆ ಹುಟ್ಟಿಕೊಂಡಿತು. ಪುಸ್ತಕದಲ್ಲಿ ಸರಣಿ 3–0. ಇಪ್ಪತ್ತು ಓವರುಗಳಲ್ಲಿ ಭಾರತವನ್ನು ಅದರ ಮನೆಯಂಗಳದಲ್ಲೇ ಸರಿಗಟ್ಟಿದ ತಂಡಕ್ಕೆ ಉಳಿದದ್ದು ಆ ಸೊನ್ನೆ. ಇದೇ ಎರಡು ತಂಡಗಳು 2018ರ ಏಷ್ಯಾ ಕಪ್ಪಿನಲ್ಲಿ, ದುಬೈಯಲ್ಲಿ, 252–252ಕ್ಕೆ ನಿಂತಿದ್ದವು. ಅಂದು ಅದನ್ನು ಟೈ ಎಂದೇ ಬಿಟ್ಟಿದ್ದರು, ಅಫ್ಗನ್ನರು ಗೆದ್ದಷ್ಟೇ ಹಿಗ್ಗಿದ್ದರು.

ಈ ಆರೇಳು ವರ್ಷಗಳಲ್ಲಿ ಒಂದು ನಂಬಿಕೆ ಪ್ರಶ್ನೆಯಿಲ್ಲದೆ ಗಟ್ಟಿಯಾಗಿದೆ. ಪ್ರತಿ ಪಂದ್ಯಕ್ಕೂ ಒಬ್ಬ ಗೆದ್ದವನಿರಬೇಕು, ಸಮಬಲವೆಂದರೆ ಅರ್ಧಕ್ಕೆ ನಿಂತ ಪಂದ್ಯ, ಜಂಟಿ ಚಾಂಪಿಯನ್ ಎಂದರೆ ಸಂಘಟಕರ ಕೈಲಾಗದತನ. ಟಿವಿ ಕಾಮೆಂಟರಿಯವರು ಹಾಗನ್ನುತ್ತಾರೆ, ಮಂಡಳಿಗಳು ಹಾಗೇ ನಿಯಮ ಬರೆಯುತ್ತವೆ, ಬಸ್ಸಿನಲ್ಲಿ ಮೊಬೈಲ್ ಹಿಡಿದ ಹುಡುಗರೂ ಅದನ್ನೇ ಹೇಳುತ್ತಾರೆ. ಪ್ರೊ ಕಬಡ್ಡಿಯಲ್ಲಿ ಲೀಗ್ ಪಂದ್ಯ ಸಮವಾದರೆ ಎರಡೂ ತಂಡಕ್ಕೆ ಮೂರು ಅಂಕ ಕೊಡುವ ಕ್ರಮವಿತ್ತು. 2025ರ ಆವೃತ್ತಿಯಿಂದ ಅದನ್ನೂ ತೆಗೆದು, ಐದೈದು ರೈಡುಗಳ ಟೈಬ್ರೇಕರನ್ನು ಲೀಗ್ ಹಂತಕ್ಕೇ ಇಳಿಸಿದರು. ನನ್ನ ವಾದ ಇದಕ್ಕೆ ನೇರ ವಿರುದ್ಧ. ಸಮಬಲ ಪೂರ್ಣ ಫಲಿತಾಂಶವೇ. ಅದನ್ನು ಒಡೆಯಲು ನಾವು ತರುವ ಉಪಕರಣಗಳಲ್ಲಿ ಹೆಚ್ಚಿನವು ಬೇರೆ ಆಟಗಳು. ಆ ಬೇರೆ ಆಟದಲ್ಲಿ ಗೆದ್ದವನಿಗೆ ಈ ಆಟದ ಕಿರೀಟ ತೊಡಿಸುವುದು ನ್ಯಾಯವಲ್ಲ, ಅವಸರ.

ಕ್ರಿಕೆಟನ್ನೇ ನೋಡಿ. ರನ್ ಸಮವಾದಾಗ ಯಾರು ಗೆದ್ದರೆಂದು ಹೇಳಲು ಈ ಆಟ ಇದುವರೆಗೆ ಎಷ್ಟು ಅಳತೆಗೋಲು ಹಿಡಿದಿದೆ! 1987ರ ಮಾರ್ಚಿನಲ್ಲಿ ಹೈದರಾಬಾದಿನಲ್ಲಿ ಭಾರತ, ಪಾಕಿಸ್ತಾನ ಎರಡೂ 212 ಹೊಡೆದವು. ಭಾರತ ಕಳೆದುಕೊಂಡದ್ದು 6 ವಿಕೆಟ್, ಪಾಕಿಸ್ತಾನ 7. ಹಾಗಾಗಿ ಭಾರತ ಗೆದ್ದಿತು. 1999ರ ವಿಶ್ವಕಪ್ ಸೆಮಿಫೈನಲ್, ಎಜ್‌ಬಾಸ್ಟನ್: ಆಸ್ಟ್ರೇಲಿಯಾ 213, ದಕ್ಷಿಣ ಆಫ್ರಿಕಾ 213. ಕ್ಲೂಸ್ನರ್ ಓಡಿದರು, ಡೊನಾಲ್ಡ್ ಬ್ಯಾಟ್ ಬೀಳಿಸಿಕೊಂಡು ರನೌಟಾದರು. ಸೂಪರ್ ಸಿಕ್ಸ್ ಪಟ್ಟಿಯಲ್ಲಿ ಮೇಲಿದ್ದ ಆಸ್ಟ್ರೇಲಿಯಾ ಫೈನಲಿಗೆ ಹೋಯಿತು. 2007ರಲ್ಲಿ ಡರ್ಬನ್‌ನಲ್ಲಿ ಭಾರತ–ಪಾಕಿಸ್ತಾನ 141–141ಕ್ಕೆ ನಿಂತಾಗ ಬಂದದ್ದು ಬೌಲ್‌ಔಟ್. ಬ್ಯಾಟ್ಸ್‌ಮನ್ ಇಲ್ಲದ ಖಾಲಿ ಸ್ಟಂಪಿಗೆ ಗುರಿಯಿಟ್ಟು ಚೆಂಡೆಸೆಯುವ ಪರೀಕ್ಷೆ. 2019ರ ಲಾರ್ಡ್ಸ್ ಫೈನಲಿನಲ್ಲಿ ಬೌಂಡರಿ ಲೆಕ್ಕ. ಈಗ, ತೀರುವವರೆಗೂ ಸೂಪರ್ ಓವರ್.

ಡರ್ಬನ್‌ನಲ್ಲಿ ನಾವು ಕುಣಿದೆವು, ಸರಿ. ಸೆಹ್ವಾಗ್, ಹರಭಜನ್, ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಮೂವರೂ ಗುರಿ ಹೊಡೆದರು. ಪಾಕಿಸ್ತಾನದ ಮೂವರೂ ತಪ್ಪಿದರು. ಭಾರತದ ಬೌಲಿಂಗ್ ಕೋಚ್ ಆಗಿದ್ದವರು ವೆಂಕಟೇಶ್ ಪ್ರಸಾದ್. ತಂಡ ಇದನ್ನು ಮೊದಲೇ ಅಭ್ಯಾಸ ಮಾಡಿತ್ತು, ಎದುರಾಳಿ ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಜಾಣತನವೇ, ಇಲ್ಲವೆನ್ನಲಾರೆ. ಆದರೆ ಉತ್ತಪ್ಪ ಆ ದಿನ ನಿಜವಾಗಿ ಮಾಡಿದ್ದು ಏನು? ತಂಡ ತಿಣುಕುತ್ತಿದ್ದಾಗ 50 ರನ್ ಹೊಡೆದದ್ದು. ಅದರ ಬಲದಿಂದಲೇ 141 ಆದದ್ದು. ಇವತ್ತು ಜನರ ನೆನಪಿನಲ್ಲಿರುವುದು ಮಾತ್ರ ಬೌಲರೇ ಅಲ್ಲದ ಆತ ಖಾಲಿ ಸ್ಟಂಪಿಗೆ ಎಸೆದ ಒಂದು ಚೆಂಡು, ಆಮೇಲೆ ಟೋಪಿ ತೆಗೆದು ಬಾಗಿದ ಭಂಗಿ. ಮುಖ್ಯ ಆಟವನ್ನು ಉಪ ಆಟ ನುಂಗುವುದೆಂದರೆ ಇದೇ. ಮುಂದೆ ಐಸಿಸಿಯೇ ಬೌಲ್‌ಔಟನ್ನು ಮೂಲೆಗೆ ಎಸೆಯಿತು.

ಲಾರ್ಡ್ಸ್ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ತಕರಾರಿನ ಬೇರು ಅಲ್ಲಿದೆ. 2019ರ ಜುಲೈ 14. ನ್ಯೂಜಿಲೆಂಡ್ 8ಕ್ಕೆ 241. ಇಂಗ್ಲೆಂಡ್ ಆಲೌಟ್ 241. ಸೂಪರ್ ಓವರ್ 15–15. ಎರಡು ಸಲ ಅಳೆದರೂ ತಕ್ಕಡಿ ಅಲ್ಲಾಡಲಿಲ್ಲ. ಆಗ ನಿಯಮ ಪುಸ್ತಕ ತೆರೆದು ಬೌಂಡರಿ ಎಣಿಸಿದರು: ಇಂಗ್ಲೆಂಡ್ 26, ನ್ಯೂಜಿಲೆಂಡ್ 17. ವಿಶ್ವಕಪ್ ಇಂಗ್ಲೆಂಡಿಗೆ. ಇಬ್ಬರು ರೈತರು ಸರಿಸಮ ತೂಕದ ಭತ್ತ ತಂದಾಗ, ಯಾರ ಮೂಟೆಗಳು ದಪ್ಪಗಿವೆ ಎಂದು ನೋಡಿ ಬಹುಮಾನ ಕೊಟ್ಟ ಹಾಗೆ. ಒಂಟಿ ರನ್, ಜೋಡಿ ರನ್ ಓಡಿ ಓಡಿ ಕೂಡಿಸಿದ 241, ಗಡಿ ದಾಟಿಸಿ ಕೂಡಿಸಿದ 241ಕ್ಕಿಂತ ಕಡಿಮೆ ಎಂದು ಯಾವ ಕ್ರಿಕೆಟ್ ಶಾಸ್ತ್ರ ಹೇಳುತ್ತದೆ? ಅಂದು ಹೈದರಾಬಾದಿನ ಗೋಲು ಹಿಡಿದಿದ್ದರೆ, ಅಂದರೆ ವಿಕೆಟ್ ಎಣಿಸಿದ್ದರೆ, ಕಪ್ ನ್ಯೂಜಿಲೆಂಡ್ ನಾಯಕ ವಿಲಿಯಮ್ಸನ್ ಕೈಯಲ್ಲಿರುತ್ತಿತ್ತು. ಆಟ ಒಂದೇ, ಮೈದಾನ ಒಂದೇ, ಎಸೆತಗಳೂ ಅವೇ. ಗೋಲು ಬದಲಿಸಿದರೆ ವಿಶ್ವ ಚಾಂಪಿಯನ್ನೇ ಬದಲು. ಹಾಗಿದ್ದಮೇಲೆ ಅಂದು ಚಾಂಪಿಯನ್ನನ್ನು ಮಾಡಿದ್ದು ಹನ್ನೊಂದು ಆಟಗಾರರಲ್ಲ, ಯಾವುದೋ ಸಮಿತಿ ಯಾವತ್ತೋ ಬರೆದಿಟ್ಟ ಒಂದು ಸಾಲು. ಅದೇ ವರ್ಷ ಅಕ್ಟೋಬರಿನಲ್ಲಿ ಐಸಿಸಿ ಆ ಸಾಲನ್ನು ಅಳಿಸಿತು. ಕಪ್ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕೊನೆಯ ಓವರಿನಲ್ಲಿ ಗಪ್ಟಿಲ್ ಎಸೆದ ಚೆಂಡು ಕ್ರೀಸಿಗೆ ಜಿಗಿದ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋಯಿತಲ್ಲ, ಅಂಪೈರ್‌ಗಳು ಆರು ರನ್ ಕೊಟ್ಟರಲ್ಲ, ಅದು ನಿಯಮದ ಪ್ರಕಾರ ಐದಾಗಬೇಕಿತ್ತು ಎಂದು ಮಾಜಿ ಅಂಪೈರ್ ಸೈಮನ್ ಟಾಫೆಲ್ ಅವರೇ ಆಮೇಲೆ ಹೇಳಿದರು. ಚೆಂಡೆಸೆದ ಗಳಿಗೆಯಲ್ಲಿ ಬ್ಯಾಟ್ಸ್‌ಮನ್‌ಗಳು ಎರಡನೇ ರನ್ನಿಗೆ ಒಬ್ಬರನ್ನೊಬ್ಬರು ದಾಟಿರಲಿಲ್ಲ. ಅಂಪೈರ್‌ಗಳನ್ನು ಬೈಯಲು ಇದನ್ನು ತೆಗೆಯಲಿಲ್ಲ. ಆ ಗದ್ದಲದಲ್ಲಿ ಯಾರ ಕಣ್ಣಾದರೂ ತಪ್ಪುತ್ತಿತ್ತು. ನನ್ನ ಮಾತು ಇಷ್ಟೆ: ನೂರು ಓವರಿನ ಆಟದಲ್ಲಿ ಒಂದೆರಡು ರನ್ ಮನುಷ್ಯರ ತಪ್ಪಿನೊಳಗೇ ಇರುತ್ತದೆ. ಒಂದು ವೈಡ್, ಒಂದು ಲೆಗ್‌ಬೈ, ಬ್ಯಾಟ್ ಗೆರೆ ಮುಟ್ಟಿತೋ ಇಲ್ಲವೋ ಎಂಬ ಒಂದು ಶಾರ್ಟ್ ರನ್. 2020ರ ಐಪಿಎಲ್‌ನಲ್ಲಿ ಡೆಲ್ಲಿ–ಪಂಜಾಬ್ ಪಂದ್ಯ ಸೂಪರ್ ಓವರಿಗೆ ಹೋದದ್ದು ತಪ್ಪಾಗಿ ಕೊಟ್ಟ ಅಂಥದೇ ಒಂದು ಶಾರ್ಟ್ ರನ್ನಿನಿಂದ. ಇಂಥ ಆಟದಲ್ಲಿ ಅಂತರ ಸೊನ್ನೆಯಾದಾಗ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಒಂದೇ: ಇವರಿಬ್ಬರ ನಡುವಿನ ವ್ಯತ್ಯಾಸವನ್ನು ಅಳೆಯಲು ನಮ್ಮಿಂದಾಗಲಿಲ್ಲ.

ಹಾಗೆ ಹೇಳುವ ಧೈರ್ಯ ತೋರಿದ ಕ್ರೀಡೆಯೊಂದಿದೆ, ಈಜು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕ್‌ಕೀ ಸೆಕೆಂಡಿನ ನೂರನೇ ಭಾಗದವರೆಗೂ ಸಮವಾಗಿ ಗೋಡೆ ಮುಟ್ಟಿದರು. ಗಡಿಯಾರದ ಸಾವಿರದ ಅಂಕಿ ನೋಡಿ 0.002 ಸೆಕೆಂಡಿನಿಂದ ಲಾರ್ಸನ್‌ಗೆ ಚಿನ್ನ ಕೊಟ್ಟರು. ಆ ವೇಗದಲ್ಲಿ ಈಜುವವನು 0.002 ಸೆಕೆಂಡಿನಲ್ಲಿ ಸಾಗುವುದು ಸುಮಾರು ಮೂರು ಮಿಲಿಮೀಟರ್. ಕೊಳದ ಒಂದು ಲೇನಿಗೂ ಇನ್ನೊಂದಕ್ಕೂ ಉದ್ದದಲ್ಲಿ ಅದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಹುದು. ಟೈಲ್ಸ್ ಹಚ್ಚಿದ ಗಾರೆಯವನ ಕೈ ಅಷ್ಟು ಆಚೀಚೆ ಆಗಿಯೇ ಆಗುತ್ತದೆ. ಎಂಟು ಸಲ ಆ ಉದ್ದ ಈಜಿದಮೇಲೆ ಕೇಳಬೇಕೇ. ಅಂದರೆ ಮೆಕ್‌ಕೀ ಸೋತದ್ದು ಲಾರ್ಸನ್‌ಗೋ ಗಾರೆಯವನಿಗೋ ಹೇಳಲಾಗದು. ಈಜಿನವರು ಇದನ್ನು ಕಂಡುಕೊಂಡು ಸಾವಿರದ ಅಂಕಿಯನ್ನೇ ಕೈಬಿಟ್ಟರು. ನೂರನೇ ಭಾಗದವರೆಗೆ ಸಮವಾದರೆ ಸಮ, ಮುಗಿಯಿತು.

ಅದರಿಂದ ಈಜಿಗೆ ಬಂದ ನಷ್ಟವೇನು? 2000ದ ಸಿಡ್ನಿಯಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಗ್ಯಾರಿ ಹಾಲ್ ಮತ್ತು ಆಂಟನಿ ಅರ್ವಿನ್ ಇಬ್ಬರಿಗೂ ಚಿನ್ನ. 2016ರ ರಿಯೊದಲ್ಲಿ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಸಿಮೋನ್ ಮ್ಯಾನುಯೆಲ್, ಪೆನ್ನಿ ಒಲೆಕ್ಸಿಯಾಕ್ ಇಬ್ಬರದ್ದೂ 52.70, ಇಬ್ಬರಿಗೂ ಚಿನ್ನ. ಅಲ್ಲೇ ಪುರುಷರ 100 ಮೀಟರ್ ಬಟರ್‌ಫ್ಲೈನಲ್ಲಿ ಸಿಂಗಪುರದ ಸ್ಕೂಲಿಂಗ್ ಹಿಂದೆ ಫೆಲ್ಪ್ಸ್, ಲೆ ಕ್ಲೋ, ಚೆಹ್ ಮೂವರೂ 51.14ರಲ್ಲಿ ಮುಗಿಸಿ ಮೂವರೂ ಬೆಳ್ಳಿ ಹಾಕಿಕೊಂಡರು. ಒಂದೇ ಕಟ್ಟೆಯ ಮೇಲೆ ಮೂವರು ಬೆಳ್ಳಿಯವರು ನಿಂತರೆ ಒಲಿಂಪಿಕ್ಸ್ ಮರ್ಯಾದೆ ಹೋಯಿತೆಂದು ಯಾರೂ ಗೋಳಾಡಲಿಲ್ಲ. ಸಾಲದೆಂದು ಅವರನ್ನು ಮತ್ತೆ ನೀರಿಗಿಳಿಸಿ, ಯಾರು ಹೆಚ್ಚು ಹೊತ್ತು ಮುಳುಗಿರಬಲ್ಲರು ಎಂದು ನೋಡೋಣ ಎಂದೂ ಯಾರೂ ಹೇಳಲಿಲ್ಲ. ಕ್ರಿಕೆಟ್‌ನಲ್ಲಿ, ಚೆಸ್‌ನಲ್ಲಿ ನಾವು ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದೇವೆ.

ಹೌದು, ಚೆಸ್. ಬುದ್ಧಿವಂತರ ಆಟವೆಂದು ಹೆಸರು, ಟೈಬ್ರೇಕರ್ ವಿಷಯದಲ್ಲಿ ಮಾತ್ರ ಎಲ್ಲರಿಗಿಂತ ವಿಚಿತ್ರ. 1983ರ ಕ್ಯಾಂಡಿಡೇಟ್ಸ್ ಕ್ವಾರ್ಟರ್‌ಫೈನಲ್, ಆಸ್ಟ್ರಿಯಾದ ವೆಲ್ಡನ್. ಮಾಜಿ ವಿಶ್ವ ಚಾಂಪಿಯನ್ ವಾಸಿಲಿ ಸ್ಮಿಸ್ಲೋವ್, ಜರ್ಮನಿಯ ರಾಬರ್ಟ್ ಹ್ಯೂಬ್ನರ್. ನಿಗದಿಯ ಹತ್ತು ಆಟ, ಮೇಲೆ ನಾಲ್ಕು ಆಟ ಆಡಿದರೂ 7–7. ಆಗ ನಿಯಮದಂತೆ ಕ್ಯಾಸಿನೊದಲ್ಲಿ ರೂಲೆಟ್ ಚಕ್ರ ತಿರುಗಿಸಿದರು, ಕೆಂಪು ಒಬ್ಬರಿಗೆ, ಕಪ್ಪು ಇನ್ನೊಬ್ಬರಿಗೆ. ಮೊದಲ ಸಲ ಚೆಂಡು ಹೋಗಿ ನಿಂತದ್ದು ಸೊನ್ನೆಯ ಮೇಲೆ. ಅದು ಕೆಂಪೂ ಅಲ್ಲ, ಕಪ್ಪೂ ಅಲ್ಲ. ವಿಧಿಯೇ ಟೈ ಎಂದು ತೀರ್ಪು ಕೊಟ್ಟಿತು. ಸಂಘಟಕರು ಒಪ್ಪಲಿಲ್ಲ, ಮತ್ತೆ ತಿರುಗಿಸಿದರು, ಸ್ಮಿಸ್ಲೋವ್ ಪಾಲಾಯಿತು.

ರೂಲೆಟ್ ಹೋಗಿ ಈಗ ರ‍್ಯಾಪಿಡ್, ಬ್ಲಿಟ್ಜ್ ಬಂದಿದೆ, ಸುಧಾರಣೆಯೇ. ಆದರೂ 2018ರ ಲಂಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಕರುವಾನ ಹನ್ನೆರಡು ಕ್ಲಾಸಿಕಲ್ ಆಟ ಆಡಿ ಹನ್ನೆರಡೂ ಡ್ರಾ ಆದಮೇಲೆ ವಿಶ್ವ ಕಿರೀಟ ತೀರ್ಮಾನವಾದದ್ದು ಒಂದೇ ದಿನದ ರ‍್ಯಾಪಿಡ್ ಆಟಗಳಲ್ಲಿ, 3–0. ಗಂಟೆಗಟ್ಟಲೆ ಯೋಚಿಸುವ ಆಟಕ್ಕೂ ಅರ್ಧ ಗಂಟೆಯೊಳಗಿನ ಲೆಕ್ಕಾಚಾರಕ್ಕೂ ಚೆಸ್ ಜಗತ್ತೇ ಬೇರೆ ರೇಟಿಂಗ್, ಬೇರೆ ವಿಶ್ವ ಚಾಂಪಿಯನ್‌ಷಿಪ್ ಇಟ್ಟಿದೆ. ರ‍್ಯಾಪಿಡ್‌ಗೆ ತನ್ನದೇ ಕಿರೀಟವಿರುವಾಗ, ಕ್ಲಾಸಿಕಲ್ ಕಿರೀಟವನ್ನೂ ಅದೇ ಏಕೆ ಹಂಚಬೇಕು? 2012ರಲ್ಲಿ ಮಾಸ್ಕೊದಲ್ಲಿ ಗೆಲ್ಫಾಂಡ್ ಎದುರು 6–6 ಆಗಿ, ರ‍್ಯಾಪಿಡ್‌ನಲ್ಲಿ ಗೆದ್ದು ವಿಶ್ವನಾಥನ್ ಆನಂದ್ ಕಿರೀಟ ಉಳಿಸಿಕೊಂಡರು. ಆನಂದ್ ಅಭಿಮಾನಿಗಳಿಗೆ ಇಷ್ಟವಾಗದಿರಬಹುದು, ಆದರೆ ನನ್ನ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಹಿಂದಿನ ಕ್ರಮ ಎಷ್ಟು ಸರಳವಿತ್ತು ನೋಡಿ. ಪಂದ್ಯ ಸಮವಾದರೆ ಕಿರೀಟ ಇದ್ದವನ ಬಳಿಯೇ. 1951ರಲ್ಲಿ ಬ್ರಾನ್‌ಸ್ಟೈನ್ ಎದುರು, 1954ರಲ್ಲಿ ಸ್ಮಿಸ್ಲೋವ್ ಎದುರು 12–12 ಮಾಡಿಕೊಂಡು ಬಾಟ್ವಿನಿಕ್ ಚಾಂಪಿಯನ್ ಆಗಿಯೇ ಉಳಿದರು. ಅದರಲ್ಲಿ ರೋಚಕತೆ ಇಲ್ಲವೆನ್ನುವವರು 1987ರ ಸೆವಿಲ್ಲೆಯನ್ನು ನೆನೆಯಬೇಕು. ಕೊನೆಯ ಆಟಕ್ಕೆ ಬರುವಾಗ ಕಾರ್ಪೋವ್ 12–11 ಮುಂದಿದ್ದರು. ಕಾಸ್ಪರೋವ್‌ಗೆ ಡ್ರಾ ಸಾಲದು, 24ನೇ ಆಟ ಗೆಲ್ಲಲೇಬೇಕು. ಗೆದ್ದರೆ ಸಮ, ಸಮವಾದರೆ ಕಿರೀಟ. ಗೆದ್ದರು. ಆ ಆಟವನ್ನು ಚೆಸ್ ಪ್ರಿಯರು ಇಂದಿಗೂ ಹಲಗೆಯ ಮೇಲೆ ಹರಡಿಕೊಂಡು ಕೂರುತ್ತಾರೆ. ಸವಾಲು ಹಾಕಿದವನು ಮೀರಿಸಿ ತೋರಿಸಬೇಕು ಎಂಬ ಈ ನ್ಯಾಯ ಆ್ಯಷಸ್ಸಿನಲ್ಲೂ ಇದೆ. 2023ರ ಸರಣಿ 2–2ಕ್ಕೆ ನಿಂತಾಗ ಆ್ಯಷಸ್ ಆಸ್ಟ್ರೇಲಿಯಾದ ಪಾಲಿಗೇ ಉಳಿಯಿತು, ಆರನೇ ಟೆಸ್ಟ್ ಆಡಿ ಎಂದು ಯಾರೂ ಕೇಳಲಿಲ್ಲ.

ಇನ್ನು ನನ್ನ ವಿರುದ್ಧ ಹೇಳುವವರ ಮಾತು. ಅವುಗಳಲ್ಲಿ ಗಟ್ಟಿಯಾದದ್ದು ಒಂದಿದೆ: ಹಂಚಿಕೊಳ್ಳಲು ಬಿಟ್ಟರೆ ಆಟಗಾರರು ಒಳಒಪ್ಪಂದ ಮಾಡಿಕೊಳ್ಳುತ್ತಾರೆ. ಅವರು ತೋರಿಸುವ ಸಾಕ್ಷಿ 2024ರ ಡಿಸೆಂಬರ್ 31, ನ್ಯೂಯಾರ್ಕ್, ವಿಶ್ವ ಬ್ಲಿಟ್ಜ್ ಫೈನಲ್. ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಷಿ 2–2 ಆದರು, ಸಡನ್ ಡೆತ್‌ನ ಮೂರು ಆಟಗಳೂ ಡ್ರಾ ಆದವು. ಕಾರ್ಲ್‌ಸನ್ ಪ್ರಶಸ್ತಿ ಹಂಚೋಣವೆಂದರು, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಹೂಂ ಎಂದಿತು. ಒಪ್ಪದಿದ್ದರೆ ಚುಟುಕು ಡ್ರಾಗಳನ್ನು ಆಡುತ್ತಲೇ ಇರಬಹುದು ಎಂದು ಅವರು ಎದುರಾಳಿಯೊಡನೆ ಆಡಿದ ಮಾತಿನ ವಿಡಿಯೊ ಹೊರಬಂದು ರಾದ್ಧಾಂತವಾಯಿತು. ತಮಾಷೆಗೆ ಅಂದದ್ದು ಎಂದು ಕಾರ್ಲ್‌ಸನ್ ಸಮಜಾಯಿಷಿ ಕೊಟ್ಟರು. ಅಲ್ಲಿ ನಡೆದದ್ದು ನನಗೂ ಹಿಡಿಸಲಿಲ್ಲ. ಆದರೆ ಕೆಟ್ಟದ್ದು ಯಾವುದು? ನಿಯಮದಲ್ಲಿ ಇಲ್ಲದ್ದನ್ನು ಹಲಗೆಯ ಪಕ್ಕ ನಿಂತು ಚೌಕಾಸಿ ಮಾಡಿ ಪಡೆದದ್ದು. ಸಮವಾದರೆ ಜಂಟಿ ಎಂದು ಮೊದಲೇ ಬರೆದಿದ್ದರೆ ಚೌಕಾಸಿಗೆ ಜಾಗವೇ ಇರುತ್ತಿರಲಿಲ್ಲ. ಕೊನೆಯಿಲ್ಲದ ಟೈಬ್ರೇಕರ್ ಆಟಗಾರರ ಕೈಗೆ ಕೊಟ್ಟ ಬೆದರಿಕೆಯ ಅಸ್ತ್ರ ಅದು.

ಬರೆದಿಟ್ಟ ಕಡೆ ಹೇಗೆ ನಡೆದಿದೆ? ಎತ್ತರ ಜಿಗಿತದಲ್ಲಿ ನಿಯಮವೇ ಆಯ್ಕೆ ಕೊಡುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕತಾರಿನ ಬರ್ಶಿಮ್, ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ದಾಟಿದರು, 2.39ಕ್ಕೆ ಇಬ್ಬರೂ ಮೂರು ಸಲ ಎಡವಿದರು. ಜಿಗಿತ ಮುಂದುವರಿಸಬಹುದಿತ್ತು. ಎರಡು ಚಿನ್ನ ಕೊಡಬಹುದೇ ಎಂದು ಕೇಳಿ, ಕೊಡಬಹುದೆಂಬ ಉತ್ತರ ಬಂದೊಡನೆ ಅಪ್ಪಿಕೊಂಡರು. ಹಾಗೆಂದು ಅಲ್ಲಿ ಅಳತೆ ಸಡಿಲವಾಗಿರಲಿಲ್ಲ. ಬೆಲಾರೂಸಿನ ನೆಡಸೆಕಾವ್ ಸಹ 2.37 ದಾಟಿದ್ದರು, ಹಿಂದಿನ ಎತ್ತರಗಳಲ್ಲಿ ತಪ್ಪಿದ್ದರಿಂದ ಅವರಿಗೆ ಕಂಚು. ಎತ್ತರ ಜಿಗಿತದೊಳಗೆ ಅಳೆಯಬಹುದಾದದ್ದನ್ನೆಲ್ಲ ಅಳೆದು, ಇನ್ನು ಆಗದೆಂದಾಗ ನಿಲ್ಲಿಸಿದರು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ನ್ಯೂಜಿಲೆಂಡಿನ ಹೇಮಿಶ್ ಕೆರ್, ಅಮೆರಿಕದ ಶೆಲ್ಬಿ ಮೆಕ್‌ಯೂವನ್ 2.36ಕ್ಕೆ ನಿಂತಾಗ ಇಬ್ಬರೂ ಹಂಚಿಕೆ ಬೇಡವೆಂದು ಜಿಗಿದರು, ಕೆರ್ ಗೆದ್ದರು. ಅದೂ ಸರಿಯೇ, ಆಡಿದ್ದು ಅದೇ ಆಟ, ಅದೇ ಕೋಲು. ಆಯ್ಕೆ ಕೊಟ್ಟ ಕೂಡಲೇ ಎಲ್ಲರೂ ಸೋಮಾರಿಗಳಾಗಿ ಕೈಕುಲುಕಿ ಹೋಗುತ್ತಾರೆಂಬ ಭಯ ಪ್ಯಾರಿಸ್‌ನಲ್ಲಿ ಸುಳ್ಳಾಯಿತು.

ಇದೆಲ್ಲ ಒಂಟಿ ಆಟಗಾರರ ಕಥೆ, ತಂಡಗಳಿಗೆ ಒಗ್ಗದು ಎನ್ನುವಿರಾ? ಬೌಂಡರಿ ಎಣಿಸಿದ ಅದೇ ಐಸಿಸಿ, ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಡ್ರಾ ಅಥವಾ ಟೈ ಆದರೆ ಎರಡೂ ತಂಡ ಜಂಟಿ ಚಾಂಪಿಯನ್ ಎಂದು 2021ರಲ್ಲಿ ಸಾರಿತು. ಸೌತಾಂಪ್ಟನ್ನಿನಲ್ಲಿ ಮಳೆ ಎರಡು ದಿನ ನುಂಗಿತು. ಡ್ರಾ ಕೈಯಳತೆಯಲ್ಲೇ ಇತ್ತು. ನ್ಯೂಜಿಲೆಂಡ್ ಸುಮ್ಮನಿದ್ದಿದ್ದರೂ ಅರ್ಧ ಕಪ್ ಖಾತ್ರಿ. ಸುಮ್ಮನಿರಲಿಲ್ಲ, ಮೀಸಲು ದಿನ ಭಾರತವನ್ನು 170ಕ್ಕೆ ಉರುಳಿಸಿ, 139ರ ಗುರಿಯನ್ನು ಎರಡೇ ವಿಕೆಟ್ ಕಳೆದುಕೊಂಡು ಮುಟ್ಟಿತು. ಹಂಚುವ ನಿಯಮ ಯಾರ ಕಾಲನ್ನೂ ಕಟ್ಟಲಿಲ್ಲ.

ಜಂಟಿ ಪ್ರಶಸ್ತಿ ನಮ್ಮ ದೇಶಕ್ಕೆ ಹೊಸದೂ ಅಲ್ಲ. 1960ರ ಡ್ಯುರಾಂಡ್ ಕಪ್ಪನ್ನು ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಹಂಚಿಕೊಂಡವು. 1978ರ ಫೆಡರೇಷನ್ ಕಪ್ಪನ್ನೂ ಅವೇ. ಪರಸ್ಪರ ಮುಖ ನೋಡದ ಎರಡು ಕ್ಲಬ್ಬುಗಳ ಅಭಿಮಾನಿಗಳು ಅದನ್ನು ಹೇಗೆ ಅರಗಿಸಿಕೊಂಡರೋ, ಕೋಲ್ಕತ್ತದ ಫುಟ್‌ಬಾಲ್ ಅದರಿಂದ ಸೊರಗಲಂತೂ ಇಲ್ಲ. 2002ರ ಚಾಂಪಿಯನ್ಸ್ ಟ್ರೋಫಿ ಕೊಲಂಬೊದ ಮಳೆಯಲ್ಲಿ ಎರಡು ಸಲ ಕೊಚ್ಚಿಹೋಗಿ ಭಾರತ–ಶ್ರೀಲಂಕಾ ಜಂಟಿ ವಿಜೇತರಾದವು. ಮೀಸಲು ದಿನ ನಿಂತಲ್ಲಿಂದ ಮುಂದುವರಿಸದೆ ಮೊದಲಿನಿಂದ ಆಡಿಸಿದ ಮೂರ್ಖತನ ಬೇರೆ ಮಾತು. ಜಂಟಿ ಕಪ್ ಕಪ್ಪೇ ಅಲ್ಲ ಎನ್ನುವ ನಮ್ಮ ಗೆಳೆಯರು ಭಾರತ ಗೆದ್ದ ಐಸಿಸಿ ಟ್ರೋಫಿಗಳನ್ನು ಬೆರಳು ಮಡಚಿ ಎಣಿಸುವಾಗ 2002ಕ್ಕೂ ಒಂದು ಬೆರಳು ಮಡಚುತ್ತಾರೆ, ಗಮನಿಸಿ ನೋಡಿ. ಮೈಸೂರು ದಸರೆಯ ಕುಸ್ತಿಯಲ್ಲೂ ಹೊತ್ತು ಮೀರಿ ಯಾರೂ ಚಿತ್ ಆಗದಿದ್ದರೆ ಸಮಬಲವೆಂದು ಜೋಡಿ ಬಿಡಿಸುವುದುಂಟು. ಬೀಳಿಸಲೇಬೇಕೆಂದರೆ ಅದಕ್ಕೆ ಮಾರ್ಫಿಟ್ ಕುಸ್ತಿಯಿದೆ. ಅಲ್ಲೂ ಕುಸ್ತಿಯನ್ನೇ ಮುಂದುವರಿಸುತ್ತಾರೆ. ಪೈಲ್ವಾನರ ಕೈಗೆ ಗುಂಡುಕಲ್ಲು ಕೊಟ್ಟು ಯಾರು ದೂರ ಎಸೆಯುತ್ತೀರಿ ನೋಡೋಣ ಎನ್ನುವುದಿಲ್ಲ.

ನಾಕೌಟ್ ಹಂತದ ಕಷ್ಟ ನನಗೆ ಗೊತ್ತಿದೆ. ಕ್ವಾರ್ಟರ್‌ಫೈನಲಿನಿಂದ ಸೆಮಿಫೈನಲಿಗೆ ಇಬ್ಬರನ್ನೂ ಕಳಿಸಲಾಗದು. 1968ರ ಯುರೋ ಸೆಮಿಫೈನಲಿನಲ್ಲಿ ಇಟಲಿ ಮತ್ತು ಸೋವಿಯತ್ ತಂಡ ಗೋಲಿಲ್ಲದೆ ಮುಗಿಸಿದಾಗ ನೇಪಲ್ಸ್‌ನಲ್ಲಿ ನಾಣ್ಯ ಚಿಮ್ಮಿ ಇಟಲಿಯನ್ನು ದಾಟಿಸಿದರು. ಅದಕ್ಕೆ ಹೋಲಿಸಿದರೆ 1970ರಲ್ಲಿ ಬಂದ ಪೆನಾಲ್ಟಿ ಶೂಟೌಟ್ ಎಷ್ಟೋ ವಾಸಿ. ಅದು ಲಾಟರಿ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ, ಅದರಲ್ಲಿ ಕೌಶಲವಿದೆ, ಎದೆಗಾರಿಕೆಯಿದೆ. ಮುಂದಿನ ಸುತ್ತಿಗೆ ಒಬ್ಬರನ್ನು ಆರಿಸುವ ಅನಿವಾರ್ಯವಿದ್ದಲ್ಲಿ ಇರಲಿ. ಆದರೆ ಫೈನಲ್ ಆದಮೇಲೆ ಮುಂದಿನ ಸುತ್ತು ಎಲ್ಲಿದೆ? ಅದೇ 1968ರ ಯುರೋ ಫೈನಲ್ 1–1 ಆದಾಗ ಇಟಲಿ, ಯುಗೊಸ್ಲಾವಿಯಾ ಎರಡು ದಿನ ಬಿಟ್ಟು ಮತ್ತೆ ಪೂರ್ತಿ ಪಂದ್ಯ ಆಡಿದವು, ಇಟಲಿ 2–0ಯಿಂದ ಗೆದ್ದಿತು. 1994ರ ವಿಶ್ವಕಪ್ ಫೈನಲಿಗೆ ಆ ವ್ಯವಧಾನ ಇರಲಿಲ್ಲ. ಐದು ಗೋಲು ಹೊಡೆದು, ಸೆಮಿಫೈನಲಿನ ಎರಡೂ ಗೋಲು ತಾನೇ ಹೊಡೆದು ಇಟಲಿಯನ್ನು ಅಲ್ಲಿಯವರೆಗೆ ಹೊತ್ತು ತಂದವರು ಬಾಜಿಯೊ. ಜಗತ್ತಿಗೆ ನೆನಪಿರುವುದು ಕಂಬದ ಮೇಲೆ ಹಾರಿಹೋದ ಅವರ ಒಂದು ಒದೆ. ಬಾರೆಸಿ, ಮಸ್ಸಾರೊ ಸಹ ತಪ್ಪಿದ್ದರು. ಬಾಜಿಯೊ ಹೊಡೆದಿದ್ದರೂ ಬ್ರೆಜಿಲಿಗೆ ಇನ್ನೊಂದು ಒದೆ ಬಾಕಿಯಿತ್ತು. 120 ನಿಮಿಷ ಎರಡು ತಂಡಗಳೂ ಸೋಲದ ಪಂದ್ಯಕ್ಕೆ ಹೊಣೆ ಹೊರಲು ಒಬ್ಬ ಬೇಕಿತ್ತು, ಶೂಟೌಟ್ ಅವನನ್ನು ಹುಡುಕಿ ಕೊಟ್ಟಿತು.

ನಾಕೌಟಿನಲ್ಲೂ ಆಟದೊಳಗಿನ ಅಳತೆ ಸಿಕ್ಕರೆ ಅದೇ ಮೇಲು. 1999ರಲ್ಲಿ ದಕ್ಷಿಣ ಆಫ್ರಿಕಾದ ಕಣ್ಣೀರಿಗೆ ನಾನೂ ಮರುಗುತ್ತೇನೆ, ಆದರೂ ಪಟ್ಟಿಯಲ್ಲಿ ಮೇಲಿದ್ದವರು ಮುಂದೆ ಹೋಗಲಿ ಎಂಬ ನಿಯಮ ಸೂಪರ್ ಓವರಿಗಿಂತ ನ್ಯಾಯವಾದದ್ದು. ಅದು ಅದೇ ತಂಡಗಳು ಅದೇ ಟೂರ್ನಿಯಲ್ಲಿ ಆಡಿದ ಆಟದ ಲೆಕ್ಕ. ರಣಜಿಯಲ್ಲಿ ಡ್ರಾ ಆದ ಪಂದ್ಯಕ್ಕೆ ಮೊದಲ ಇನಿಂಗ್ಸ್ ಮುನ್ನಡೆ ನೋಡುವುದೂ ಹಾಗೇ. ನಮ್ಮ ಕರ್ನಾಟಕದವರಿಗೆ ಇದರ ಸಿಹಿ ಕಹಿ ಎರಡೂ ಗೊತ್ತು. 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ವಿಶ್ವನಾಥ್ ಹೊಡೆದ 162ರ ಬಲದಿಂದ ಮುನ್ನಡೆ ಪಡೆದೇ ಬಾಂಬೆಯ ಹದಿನೈದು ವರ್ಷಗಳ ಆಳ್ವಿಕೆ ಮುರಿದದ್ದು. 1982ರ ಫೈನಲಿನಲ್ಲಿ ದೆಹಲಿಯೆದುರು 705 ಹೊಡೆದೂ, ಅವರು 8ಕ್ಕೆ 707 ಮಾಡಿದ್ದರಿಂದ ಕಪ್ ಬಿಟ್ಟುಕೊಟ್ಟದ್ದೂ ಅದರಿಂದಲೇ. 2025ರಲ್ಲಿ ಕೇರಳ ಕ್ವಾರ್ಟರ್‌ಫೈನಲನ್ನು ಒಂದು ರನ್ನಿನ ಮುನ್ನಡೆಯಿಂದ, ಸೆಮಿಫೈನಲನ್ನು ಎರಡು ರನ್ನಿನ ಮುನ್ನಡೆಯಿಂದ ದಾಟಿತು; ಗುಜರಾತಿನ ಕೊನೆಯ ವಿಕೆಟ್ ಶಾರ್ಟ್‌ಲೆಗ್‌ನಲ್ಲಿದ್ದವನ ಹೆಲ್ಮೆಟಿಗೆ ಬಡಿದು ಸ್ಲಿಪ್ಪಿನ ಕೈಸೇರಿದ ಕ್ಯಾಚ್. ಅದೃಷ್ಟವೇ ಇರಬಹುದು, ಆದರೆ ಐದು ದಿನದ ಕ್ರಿಕೆಟಿನೊಳಗಿನ ಅದೃಷ್ಟ. ಈ ಮುನ್ನಡೆಯ ಆಸೆಗೆ ತಂಡಗಳು ಆಟವನ್ನು ಎಳೆದೆಳೆದು ಸಾಯಿಸುತ್ತವೆ ಎಂಬ ದೂರು ನಿಜ. ಫೈನಲಿನಲ್ಲಾದರೂ ಅದನ್ನು ಕೈಬಿಟ್ಟು ಡ್ರಾ ಆದರೆ ಜಂಟಿ ಎನ್ನಬಹುದು.

ನಿಯಮ ಮೊದಲೇ ಗೊತ್ತಿತ್ತಲ್ಲ, ಈಗೇಕೆ ಅಳು ಎಂಬ ಮಾತೊಂದಿದೆ. ರೂಲೆಟ್ಟೂ ಮೊದಲೇ ಗೊತ್ತಿತ್ತು, ಸ್ವಾಮಿ. ಇನ್ನು ಪ್ರೇಕ್ಷಕರಿಗೆ ಫಲಿತಾಂಶ ಬೇಕು ಎನ್ನುವುದಂತೂ ಪ್ರೇಕ್ಷಕರನ್ನು ಕೇಳದೆ ಹೇಳಿದ್ದು. ಟೆಸ್ಟ್ ಇತಿಹಾಸದಲ್ಲಿ ಟೈ ಆದದ್ದು ಎರಡೇ ಎರಡು, 1960ರ ಬ್ರಿಸ್ಬೇನ್ ಮತ್ತು 1986ರ ಮದ್ರಾಸ್. ಬ್ರಿಸ್ಬೇನ್ ಟೆಸ್ಟ್‌ನ ಸರಣಿಯಿಂದಲೇ ಫ್ರಾಂಕ್ ವಾರೆಲ್ ಟ್ರೋಫಿ ಹುಟ್ಟಿತು. ಆ ಟೈ ಪಂದ್ಯದ ಚೆಂಡನ್ನೇ ಟ್ರೋಫಿಯಲ್ಲಿ ಕೂರಿಸಿದರು. ಮದ್ರಾಸಿನ ಬೇಗೆಯಲ್ಲಿ ವಾಂತಿ ಮಾಡಿಕೊಳ್ಳುತ್ತಲೇ 210 ಹೊಡೆದ ಡೀನ್ ಜೋನ್ಸ್, ಕೊನೆಗೆ ಎಲ್‌ಬಿಡಬ್ಲ್ಯು ಆದ ಮಣಿಂದರ್ ಸಿಂಗ್ ಇವತ್ತಿಗೂ ಹರಟೆಯ ವಸ್ತು. ಗೆದ್ದ ಎಷ್ಟು ಟೆಸ್ಟ್‌ಗಳು ಹೀಗೆ ನೆನಪಿನಲ್ಲಿವೆ? ಫಲಿತಾಂಶದ ಹಸಿವು ನೋಡುವವರಿಗಿಂತ ತೋರಿಸುವವರದ್ದು. ಪಂದ್ಯ ಮುಗಿದಮೇಲೂ ಹದಿನೈದು ನಿಮಿಷ ಯಾರೂ ಚಾನೆಲ್ ಬದಲಿಸುವುದಿಲ್ಲವೆಂದರೆ ಜಾಹೀರಾತು ಮಾರುವವರಿಗೆ ಅದಕ್ಕಿಂತ ಹಬ್ಬ ಯಾವುದು?

ಲೀಗ್ ಪಂದ್ಯಗಳಲ್ಲಿ ಈ ಹಟ ನಗೆಪಾಟಲಿಗೆ ಮುಟ್ಟಿದೆ. ಐಪಿಎಲ್‌ನಲ್ಲಿ ಮಳೆ ಬಂದು ಒಂದು ಚೆಂಡೂ ಎಸೆಯದಿದ್ದರೆ ತಲಾ ಒಂದು ಅಂಕ ಹಂಚುತ್ತಾರೆ. ನಲವತ್ತು ಓವರ್ ಬೆವರು ಸುರಿಸಿ ಸರಿಸಮ ನಿಂತರೆ ಹಂಚುವುದಿಲ್ಲ! ಮೋಡಕ್ಕಿರುವ ಮರ್ಯಾದೆ ಆಟಗಾರರಿಗಿಲ್ಲ. 2020ರ ಅಕ್ಟೋಬರಿನಲ್ಲಿ ಮುಂಬೈ ಮತ್ತು ಕೆ.ಎಲ್. ರಾಹುಲ್ ನಾಯಕತ್ವದ ಪಂಜಾಬ್ ಎರಡು ಸೂಪರ್ ಓವರ್ ಆಡಬೇಕಾಯಿತು. ಬುಮ್ರಾ ಐದೇ ರನ್ ಕೊಟ್ಟರೆ, ಶಮಿ ಆ ಐದನ್ನೂ ಮೀರಲು ಬಿಡಲಿಲ್ಲ. ಅಲ್ಲೂ ಸಮವೇ. 2024ರ ಆಗಸ್ಟ್ 23ರಂದು ಚಿನ್ನಸ್ವಾಮಿಯಲ್ಲಿ ನಮ್ಮದೇ ಮಹಾರಾಜ ಟ್ರೋಫಿಯ ಲೀಗ್ ಪಂದ್ಯದಲ್ಲಿ ಹುಬ್ಬಳ್ಳಿ ಟೈಗರ್ಸ್, ಬೆಂಗಳೂರು ಬ್ಲಾಸ್ಟರ್ಸ್ ಎರಡೂ 164 ಹೊಡೆದವು. ಮೊದಲ ಸೂಪರ್ ಓವರ್ ಸಮ, ಎರಡನೆಯದೂ ಸಮ. ಮೂರನೆಯದರಲ್ಲಿ ಹುಬ್ಬಳ್ಳಿ ಗೆದ್ದಿತು. ಮೂರು ಸೂಪರ್ ಓವರಿನ ದಾಖಲೆ ಎಂದು ಮರುದಿನ ಎಲ್ಲೆಡೆ ಸಂಭ್ರಮ. ಅಳೆದಷ್ಟೂ ಸಮವೆಂದೇ ಹೇಳುತ್ತಿದ್ದ ಎರಡು ತಂಡಗಳ ಮೇಲೆ ಮೂರನೇ ಸಲ ಟೇಪು ಹಿಡಿದದ್ದರಲ್ಲಿ ಸಂಭ್ರಮಪಡಲು ಏನಿತ್ತೋ ನನಗೆ ತಿಳಿಯದು.

ಆದ್ದರಿಂದ ಐಸಿಸಿಯನ್ನೋ ಫಿಫಾವನ್ನೋ ಕಾಯುವ ಬದಲು ಮನೆಯಿಂದಲೇ ಶುರುಮಾಡೋಣ. ಮಹಾರಾಜ ಟ್ರೋಫಿ ನಡೆಸುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಲೀಗ್ ಪಂದ್ಯ ಟೈ ಆದರೆ ತಲಾ ಒಂದು ಅಂಕ, ಸೆಮಿಫೈನಲ್ ಟೈ ಆದರೆ ಪಟ್ಟಿಯಲ್ಲಿ ಮೇಲಿದ್ದವರಿಗೆ ದಾರಿ, ಫೈನಲ್ ಟೈ ಆದರೆ ಎರಡು ತಂಡಕ್ಕೂ ಕಪ್. ಈ ಮೂರು ಸಾಲು ನಿಯಮ ಪುಸ್ತಕಕ್ಕೆ ಸೇರಿಸುವುದು ಕಷ್ಟವೇನಲ್ಲ. ಮುಂದಿನ ಆವೃತ್ತಿಗೆ ಮುನ್ನ ಸಂಸ್ಥೆ ಅದನ್ನು ಮಾಡಲಿ.